ಹನ್ನೊಂದನೇ ಫೇಡರ್

ತಗಡು ಬ್ಯಾಂಡಿನ ಬಗ್ಗೆ ಬರೆಯುವವರೆಲ್ಲ ಗಂಟಲಿನಿಂದಲೇ ಶುರು ಮಾಡುತ್ತಾರೆ. ಗಂಟಲು ಅನ್ನೋದು ಹಾಡುವವನ ಅಡ್ಡಹೆಸರು. ಅಂಗಿಯ ನಾಲ್ಕು ಗುಂಡಿ ಬಿಚ್ಚಿಕೊಂಡು, ಅರವತ್ತು ದಾಟಿದ ಮೇಲೂ ಚರ್ಮದ ಪ್ಯಾಂಟಿನೊಳಗೆ ಉಸಿರು ಬಿಗಿಹಿಡಿದು ತೂರಿಕೊಂಡು, ಮೈಕಿನ ಕಂಬ ಎತ್ತಿ ಕುಣಿಯುವ ಆಸಾಮಿ. ಆಮೇಲೆ ಗಿಟಾರಿನವನ ಉದ್ದ ಕೂದಲಿನ ಬಗ್ಗೆ ಒಂದು ಪುಟ. ಆ ಕೂದಲು ಅವನದಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತಾರೆ. ಅಯ್ಯೋ, ಅವರಿಬ್ಬರನ್ನೂ ಸ್ವಲ್ಪ ಅತ್ತ ಕೂರಿಸಿ. ನಲವತ್ತು ವರ್ಷ ಅವರ ಮುಖವನ್ನೇ ನೋಡಿ ನೋಡಿ ಸಾಕಾಗಿದೆ. ಒಂದು ಸಲ ಕುತ್ತಿಗೆ ಹಿಂದಕ್ಕೆ ತಿರುಗಿಸಿ.

ಕುರ್ಚಿಗಳೆಲ್ಲ ಮುಗಿದ ಮೇಲೆ, ಬಾಗಿಲ ಹತ್ತಿರ, ಎಲ್ಲರ ಸದ್ದನ್ನೂ ಹದ ಮಾಡುವ, ಮಂಚದಷ್ಟು ಉದ್ದದ ಮಿಕ್ಸರಿನ ಹಿಂದೆ ಒಬ್ಬ ಹೆಂಗಸು ಕೂತಿರುತ್ತಾಳೆ. ಎ.ಸಿ. ಚಳಿಗೆ ಸ್ವೆಟರು, ಮೂಗಿನ ತುದಿಗೆ ಇಳಿದ ಕನ್ನಡಕ, ತುರುಬಿಗೆ ಸಿಕ್ಕಿಸಿದ ಟೆಸ್ಟರ್. ಮೊದಲ ಸಲ ಬಂದವರು ಅವಳನ್ನು ಟಾಯ್ಲೆಟ್ ಎಲ್ಲಿದೆ ಅಂತ ಕೇಳುತ್ತಾರೆ. ಅವಳು ತಲೆ ಎತ್ತದೆ ಎಡಗಡೆ ಕೈ ತೋರಿಸುತ್ತಾಳೆ. ಅವಳೇ ಸೌಂಡಕ್ಕ. ತಗಡು ಇಷ್ಟು ವರ್ಷ ಬಾಳಿದ್ದು ಅವಳ ಹತ್ತು ಬೆರಳಿನಿಂದ.

ಅವಳನ್ನು ಮೊದಲು ಅಕ್ಕ ಅಂದವನು ಡ್ರಮ್ಮು ಬಾರಿಸುವವನು, ಅವಳ ಒಡಹುಟ್ಟಿದ ತಮ್ಮ. ಅವನು ಕರೆದದ್ದೇ ತಡ, ಇಡೀ ಬ್ಯಾಂಡಿಗೆ ಅಕ್ಕ ಆದಳು. ಅವಳ ಗಂಡ ಕೀಬೋರ್ಡು ನುಡಿಸುತ್ತಾನೆ. ತಮ್ಮನಿಗೆ ಭಾವ ಆದ್ದರಿಂದ ಎಲ್ಲರಿಗೂ ಭಾವ. ಅವನಿಗಿಂತ ದೊಡ್ಡವರಾದ ಪತ್ರಿಕೆಯವರು ಕೂಡ 'ಕೀಬೋರ್ಡಿನಲ್ಲಿ ಭಾವ' ಅಂತಲೇ ಬರೆದಿದ್ದಾರೆ. ಅವಳು ಮಾತ್ರ ಮದುವೆಗೆ ಮುಂಚೆ 'ಏನೋ' ಅಂತಿದ್ದವಳು ಮದುವೆಯಾದ ಮೇಲೂ ಬಿಡಲಿಲ್ಲ.

ಇವರ ಪ್ರೇಮ ಶುರುವಾಗಿದ್ದು ಲಿಫ್ಟಿನ ಬಾವಿಯಲ್ಲಿ. ಸೌಂಡಕ್ಕ ಆಗ ಮೂರನೇ ಮಹಡಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಭಾವ ಲಿಫ್ಟ್ ಮೆಕ್ಯಾನಿಕ್. ಆ ಕಟ್ಟಡದ ಲಿಫ್ಟು ವಾರ ವಾರ ಕೆಡುತ್ತಿತ್ತು. ಕೆಡಿಸುತ್ತಿದ್ದವನು ಯಾರು ಅಂತ ಆಮೇಲೆ ಗೊತ್ತಾಯಿತು ಬಿಡಿ. ಅವನು ಕೆಳಗೆ ಲಿಫ್ಟಿನ ಬಾವಿಯಲ್ಲಿ ನಿಂತು ನಾಲ್ಕು ಸ್ವರದ ಒಂದು ಶಿಳ್ಳೆ ಹೊಡೆಯುತ್ತಿದ್ದ. ಮೂರು ಬೇಗ ಬೇಗ, ನಾಲ್ಕನೆಯದು ಎಲ್ಲೋ ಅಡ್ಡಾಡಿಕೊಂಡು ತಡವಾಗಿ ಬರುವುದು. ಅಂಗಡಿಯ ಮಾಲೀಕ, ಆ ಕೆಮ್ಮು ಮುದುಕ, ಹೊರಗೆ ಹೋಗಿದ್ದರೆ ಸೌಂಡಕ್ಕ ಮೇಜಿನ ಮೇಲಿದ್ದ ಯಾವುದೋ ರೇಡಿಯೋದ ಸದ್ದು ಏರಿಸುವಳು. ಸದ್ದು ಏರಿದರೆ ಬಾ ಅಂತ ಅರ್ಥ. ಏರದಿದ್ದರೆ ಮುದುಕ ಇದ್ದಾನೆ, ಕಾಯಿ ಅಂತ. ಈ ವ್ಯವಸ್ಥೆ ಮಾಡಿದವಳು ಅವಳೇ. ಭಾವ ಪಾಪ, ಗ್ರೀಸು ಮೆತ್ತಿದ ಕೈಯಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದ, ಗೊಣಗುತ್ತಿರಲಿಲ್ಲ.

ಅದೇ ಹೊತ್ತಿಗೆ ಅವಳ ತಮ್ಮ ಮತ್ತವನ ಇಬ್ಬರು ಗೆಳೆಯರು ಹಾಸಿಗೆ ಹೊಲಿಯುವವರ ಗೋದಾಮಿನಲ್ಲಿ ಬ್ಯಾಂಡು ಕಟ್ಟಿದ್ದರು. ಮೇಲೆ ತಗಡಿನ ಮಾಡು, ಸುತ್ತ ಹತ್ತಿಯ ಮೂಟೆ. ಡ್ರಮ್ಮು ಬಾರಿಸಿದರೆ ಮಾಡು ಗಡಗಡ ಅನ್ನುತ್ತಿತ್ತು, ಹಾಡಿದರೆ ಬಾಯಿಗೆ ಹತ್ತಿ ಹೋಗುತ್ತಿತ್ತು. ಗೋದಾಮಿನ ಯಜಮಾನ ಒಂದು ದಿನ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಮಾಡಿಗಿಂತ ನೀವೇ ದೊಡ್ಡ ತಗಡು" ಅಂದು ಹೋದ. ಹೆಸರು ಸಿಕ್ಕಿತು. ಮೊದಲ ವಾರವೇ ಆಂಪ್ಲಿಫೈಯರ್ ಸುಟ್ಟು ಹತ್ತಿಗೆ ಕಿಡಿ ಬಿತ್ತು. ತಮ್ಮ ಓಡಿಬಂದು ಅಕ್ಕನನ್ನು ಕರೆದುಕೊಂಡು ಹೋದ. ಅವಳು ರಿಪೇರಿಗೆ ಅಂತ ಹೋದವಳು, ಇನ್ನೂ ವಾಪಸು ಬಂದಿಲ್ಲ. ಅವಳ ಹಿಂದೆ ಭಾವ ಬಂದ. ಬಂದವನು ಸುಮ್ಮನೆ ಕೂರಲಾರದೆ ಮೂಲೆಯಲ್ಲಿದ್ದ ಕೀಬೋರ್ಡಿನ ಧೂಳು ಒರೆಸಿದ. ಒರೆಸಿದವನಿಗೇ ಅದು ಗಂಟು ಬಿತ್ತು.

ಮೊದಮೊದಲಿನ ಶೋಗಳನ್ನು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಕಾಲೇಜಿನ ಕ್ಯಾಂಟೀನು, ಟ್ರ್ಯಾಕ್ಟರ್ ಶೋರೂಮು, ಒಂದು ಈಜುಕೊಳದ ಉದ್ಘಾಟನೆ. ಈಜುಕೊಳದಲ್ಲಿ ಬೇಸ್ ಗಿಟಾರಿನವನು ಹಿಂದೆ ಹಿಂದೆ ಸರಿದು ನೀರಿಗೆ ಬಿದ್ದ. ಎದ್ದವನೇ ಒದ್ದೆ ಬಟ್ಟೆಯಲ್ಲೇ ಮನೆಗೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೇಸಿನವರು ತಗಡಿನಲ್ಲಿ ನಿಂತದ್ದೇ ಇಲ್ಲ. ಒಬ್ಬ ಹಲ್ಲಿನ ಡಾಕ್ಟರಾದ, ಒಬ್ಬ ಗಂಟಲಿನ ತಂಗಿಯನ್ನು ಮದುವೆಯಾಗಿ ಗಂಟಲಿನ ಜೊತೆ ಮಾತು ಬಿಟ್ಟ, ಇನ್ನೊಬ್ಬ ಸಿಗರೇಟು ತರ್ತೀನಿ ಅಂತ ಹೋಗಿದ್ದಾನೆ. ಬರಬಹುದು.

ಈಗ ಆ ದಿನಕ್ಕೆ ಬರೋಣ. ಬ್ಯಾಂಡಿಗೆ ಆರು ವರ್ಷವಾಗಿತ್ತು. ಮೊದಲ ಸಲ ದೊಡ್ಡ ಮೈದಾನದಲ್ಲಿ ಶೋ. ಶೋಗೆ ಮುಂಚೆ ಗಿಟಾರಿನವನೂ ಗಂಟಲೂ ಮುಖ ಸಪ್ಪಗೆ ಮಾಡಿಕೊಂಡು ಸೌಂಡಕ್ಕನ ಹತ್ತಿರ ಬಂದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಭಾವ ಪ್ರತಿ ಹಾಡಲ್ಲೂ ಅರ್ಧ ಬೀಟ್ ಲೇಟು" ಅಂದ ಗಿಟಾರಿನವನು. "ಲಿಫ್ಟ್ ಬಂತಾ ಇಲ್ವಾ ಅಂತ ನೋಡಿ ಕಾಲಿಡೋ ಹಾಗೆ ಬಾರಿಸ್ತಾರೆ. ಇವತ್ತು ಹೀಗಾದ್ರೆ ನಾವೆಲ್ಲ ಮಣ್ಣು ಮುಕ್ಕಿದ ಹಾಗೇ."

"ಅವರಿರ್ಬೇಕು, ಇಲ್ಲ ನಾವಿರ್ಬೇಕು" ಅಂದ ಗಂಟಲು. ಅವನಿಗೆ ಯಾವಾಗಲೂ ನಾಟಕ ಜಾಸ್ತಿ.

ಅವರು ಹೇಳಿದ್ದು ಸುಳ್ಳಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಭಾವ ಆಗ ತಾನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೂ ಅಷ್ಟು ನೀಟಾಗಿ ಬಾಚದ ತಲೆ ಬಾಚಿಕೊಂಡು, ಕೀಬೋರ್ಡಿನ ಮುಂದೆ ಕೂತಿದ್ದ. ಅವನನ್ನು ಕೆಳಗಿಳಿ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಮಿಕ್ಸರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೇಡರ್ ಇರುತ್ತದೆ. ಮೇಲಕ್ಕೆ ತಳ್ಳಿದರೆ ಸದ್ದು ಏರುತ್ತದೆ, ಕೆಳಕ್ಕೆ ಎಳೆದರೆ ಅಡಗುತ್ತದೆ. ಹನ್ನೊಂದನೆಯದು ಭಾವನದು. ಅವನ ಕಾಲ ಬಳಿ ಅವನದೇ ಒಂದು ಪುಟ್ಟ ಸ್ಪೀಕರ್ ಇತ್ತು, ಅವನಿಗೆ ಅವನ ಸದ್ದು ಅದರಲ್ಲಿ ಕೇಳುತ್ತಿತ್ತು. ಇವತ್ತೊಂದು ದಿನ ಅಂತ ಅಂದುಕೊಂಡು ಸೌಂಡಕ್ಕ ಹನ್ನೊಂದನ್ನು ಪೂರ್ತಿ ಕೆಳಕ್ಕೆ ಎಳೆದಳು.

ಶೋ ಧೂಳೆಬ್ಬಿಸಿತು. ಜನ ಕುರ್ಚಿ ಮೇಲೆ ಹತ್ತಿದರು, ಕುರ್ಚಿ ಮುರಿದವು. ಮರುದಿನ ಎಲ್ಲರ ಬಾಯಲ್ಲೂ ತಗಡು. ಅಷ್ಟೇ, ಅಲ್ಲಿಗೆ ಮುಗಿಯಿತು ಭಾವನ ಕಥೆ. ರಾಕ್ ಬ್ಯಾಂಡಿನವರು ದೇವರನ್ನು ನಂಬಲ್ಲ ಅಂತ ಎದೆ ತಟ್ಟಿ ಹೇಳ್ತಾರೆ, ಆದರೆ ಹೋದ ಸಲ ಗೆದ್ದಾಗ ಹಾಕಿದ್ದ ಕಾಲುಚೀಲವನ್ನು ಒಗೆಯದೆ ಮತ್ತೆ ಹಾಕ್ಕೊಳ್ತಾರೆ. ಹನ್ನೊಂದು ಕೆಳಗಿದ್ದರೆ ಅದೃಷ್ಟ ಅಂತ ಗಿಟಾರಿನವನು ತೀರ್ಮಾನ ಮಾಡಿದ. ತಪ್ಪಿಯೂ ಮೇಲೇರದಿರಲಿ ಅಂತ ಅದರ ಮೇಲೆ ಕಪ್ಪು ಟೇಪು ಹಚ್ಚಿದ. ಅಂದಿನಿಂದ ಪ್ರತಿ ಶೋಗೆ ಮುಂಚೆ ಒಬ್ಬೊಬ್ಬರಾಗಿ ಬಂದು ಆ ಟೇಪನ್ನು ಎರಡು ಸಲ ತಟ್ಟಿ ವೇದಿಕೆ ಹತ್ತುವುದು ತಗಡಿನ ಪದ್ಧತಿಯಾಯಿತು. ಎಲ್ಲರೂ ತಟ್ಟುತ್ತಾರಲ್ಲ, ಅದರಡಿ ಇರುವುದು ತನ್ನದೇ ಫೇಡರ್ ಅಂತ ಗೊತ್ತಿಲ್ಲದ ಭಾವನೂ ಬಂದು ತಟ್ಟುತ್ತಿದ್ದ. ತನ್ನ ಬಾಯಿಗೇ ಹಚ್ಚಿದ ಟೇಪನ್ನು ತಾನೇ ತಟ್ಟಿ, "ಒಳ್ಳೇದಾಗಲಿ ಕಣೇ" ಅಂತ ಹೆಂಡತಿಗೆ ಹೇಳಿ ಹೋಗುತ್ತಿದ್ದ. ಅವಳು ತಲೆ ತಗ್ಗಿಸಿ ಮಿಕ್ಸರಿನ ಧೂಳು ಒರೆಸುತ್ತಿದ್ದಳು.

ಮಿಕ್ಸರಿನಲ್ಲಿ ಪ್ರತಿ ಫೇಡರಿನ ಪಕ್ಕ ಒಂದು ಒತ್ತುಗುಂಡಿ. ಒತ್ತಿದರೆ, ಫೇಡರ್ ಕೆಳಗಿದ್ದರೂ ಆ ಒಬ್ಬರು ಬಾರಿಸುವುದು ಹೆಡ್‌ಫೋನಿನಲ್ಲಿ ಕೇಳುತ್ತದೆ. ಸೌಂಡಕ್ಕ ಎಲ್ಲರದನ್ನೂ ಒತ್ತಿ ಕೇಳುತ್ತಿದ್ದಳು, ಹನ್ನೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೇಳಿದರೆ ತಡೆದುಕೊಳ್ಳಲಾರೆ ಅನ್ನುವ ಭಯ. ಹತ್ತರಿಂದ ಹನ್ನೆರಡಕ್ಕೆ ಹಾರಿಬಿಡುತ್ತಿದ್ದಳು. ರೆಕಾರ್ಡು ಮಾಡುವಾಗ ಭಾವ, "ನನ್ನದು ಎಲ್ಲೂ ಕೇಳಿಸ್ತಾನೇ ಇಲ್ವಲ್ಲ" ಅಂದರೆ ಗಿಟಾರಿನವನು, "ಭಾವಾ, ನಿಮ್ಮದು ಹಾಲಲ್ಲಿ ಸಕ್ಕರೆ ಕರಗಿದ ಹಾಗೆ. ಕಾಣಲ್ಲ, ಆದ್ರೆ ಇರುತ್ತೆ" ಅಂತ ಹಲ್ಲು ಕಿರಿಯುತ್ತಿದ್ದ. ಎಂಥಾ ಬಾಯಿ ನೋಡಿ ಅವನದು.

ವರ್ಷಗಳು ಉರುಳಿದವು. ತಗಡು ಮೇಲೇರಿತು, ಬಿತ್ತು, ಮತ್ತೆ ಎದ್ದಿತು. ಗಂಟಲು ಒಂದು ದಿನ, "ನಾನೊಬ್ಬನೇ ಸಾಕು" ಅಂತ ಬಿಟ್ಟುಹೋಗಿ ಸ್ವಂತ ಆಲ್ಬಮ್ ಮಾಡಿದ. ಹೊದಿಕೆಯ ಮೇಲೆ ಅವನು ಬಿಳಿ ಕುದುರೆ ಹತ್ತಿದ ಫೋಟೋ. ಕುದುರೆ ಚೆನ್ನಾಗಿ ಬಂದಿತ್ತು. ಆಲ್ಬಮ್ಮನ್ನು ಅವನ ಅಮ್ಮ ಬಿಟ್ಟು ಯಾರೂ ಕೇಳಲಿಲ್ಲ. ಅವನು ಗೋದಾಮಿನ ಬಾಗಿಲಿಗೆ ಬಂದು ಮೂಗು ಒರೆಸಿಕೊಂಡು ನಿಂತಾಗ ಸೌಂಡಕ್ಕ ಮೈಕು ಕೈಗೆ ಕೊಟ್ಟು, "ಒಂದು ಎರಡು ಅಂತ ಹೇಳು, ಲೆವೆಲ್ ನೋಡ್ಬೇಕು" ಅಂದಳು, ಅಷ್ಟೇ. ಗಿಟಾರಿನವನು ಮನಶ್ಶಾಂತಿಗೆ ಅಂತ ಒಂದು ವರ್ಷ ಮಾತು ಬಿಟ್ಟ. ಬ್ಯಾಂಡಿನ ಇತಿಹಾಸದಲ್ಲೇ ನೆಮ್ಮದಿಯ ವರ್ಷ ಅದು. ಆಮೇಲೆ ಕಂಪ್ಯೂಟರಿನಲ್ಲೇ ಹಾಡು ಮಾಡುವ ಕಾಲ ಬಂದು ತಗಡನ್ನು ಕೇಳುವವರಿಲ್ಲದೆ ಹೋಯಿತು. ಸಿಮೆಂಟ್ ಕಂಪನಿಯ ವಾರ್ಷಿಕ ದಿನದಲ್ಲಿ, ಬಹುಮಾನ ವಿತರಣೆಯ ನಡುವೆ ಬಾರಿಸಿದರು. ಕೊನೆಗೆ ಕಾಪಾಡಿದ್ದು ಮಂಡಿನೋವಿನ ಮುಲಾಮು. ಅದರ ಜಾಹೀರಾತಿಗೆ ತಗಡಿನ ಹಳೆಯ ಹಾಡು ಹಾಕಿದರು, ಮತ್ತೆ ಜನ ಮುಗಿಬಿದ್ದರು. ಕೇಳುಗರಿಗೂ ಈಗ ಮಂಡಿನೋವು ಶುರುವಾಗಿತ್ತಲ್ಲ.

ಇಷ್ಟರಲ್ಲೆಲ್ಲ ಭಾವ ಒಂದೂ ಶೋ ತಪ್ಪಿಸಲಿಲ್ಲ. ಹಗಲು ಲಿಫ್ಟು, ಸಂಜೆ ಕೀಬೋರ್ಡು. ಮಗಳು ಹುಟ್ಟಿದಳು, ಬೆಳೆದಳು, ಕೆಲಸಕ್ಕೆ ಸೇರಿದಳು. ಹನ್ನೊಂದು ಕೆಳಗೇ ಇತ್ತು. ಹೇಳಿಬಿಡಬೇಕು ಅಂತ ಸೌಂಡಕ್ಕ ಎಷ್ಟು ಸಲ ಅಂದುಕೊಂಡಳೋ. ಪಾತ್ರೆ ತೊಳೆಯುವಾಗ ಬಾಯಿ ತೆರೆದು, ನಲ್ಲಿ ನಿಲ್ಲಿಸಿ, "ಸೋಪು ತರ್ಬೇಕು" ಅಂತ ಮುಗಿಸುತ್ತಿದ್ದಳು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ನೀನು ಇಷ್ಟು ವರ್ಷ ಬಾರಿಸಿದ್ದು ಒಬ್ಬರ ಕಿವಿಗೂ ಬಿದ್ದಿಲ್ಲ, ಬೀಳದ ಹಾಗೆ ಮಾಡಿದವಳು ನಿನ್ನ ಹೆಂಡತಿ, ಅಂತ ತಲೆ ನರೆತ ಗಂಡನಿಗೆ ಯಾವ ಬಾಯಲ್ಲಿ ಹೇಳೋದು?

ಅಷ್ಟರಲ್ಲಿ ನಲವತ್ತನೇ ವರ್ಷ ಬಂತು. ವಿದಾಯದ ಶೋಗಳು ಅಂತ ಘೋಷಣೆಯಾಯಿತು, ಶನಿವಾರ ಒಂದು, ಭಾನುವಾರ ಒಂದು. ಎರಡೂ ಮಧ್ಯಾಹ್ನವೇ, ಯಾಕೆಂದರೆ ಗಂಟಲು ಕತ್ತಲಾದ ಮೇಲೆ ಗುಳಿಗೆ ನುಂಗಿ ಮಲಗಬೇಕು. ಒಂದು ಕಂಪನಿಯವರು ಅದನ್ನು ರೆಕಾರ್ಡ್ ಮಾಡಿಕೊಳ್ಳಲು ಬಂದರು. ಒಬ್ಬೊಬ್ಬರ ವಾದ್ಯದ ವೈರೂ ಮಿಕ್ಸರಿಗೆ ಬರುವ ಮೊದಲೇ ಕವಲೊಡೆದು ಅವರ ವ್ಯಾನಿಗೆ ಹೋಗುತ್ತದಂತೆ. ಫೇಡರ್ ಎಲ್ಲೇ ಇರಲಿ, ಬಾರಿಸಿದ್ದೆಲ್ಲ ಬೇರೆ ಬೇರೆಯಾಗಿ ದಾಖಲಾಗುತ್ತದಂತೆ.

ಭಾವ ಟೀ ಕುಡಿಯುತ್ತ ಕೂತಿದ್ದವನು ಎದ್ದು ನಿಂತ. "ನನ್ನದೊಂದೇ ಬೇರೆ ಕೇಳಬಹುದಂತೆ ಕಣೇ! ಮಗಳಿಗೆ ಕೇಳಿಸ್ಬೇಕು. ನೀನೂ ಒಂದು ಸಲ ಪೂರ್ತಿ ಕೇಳು."

ಸೌಂಡಕ್ಕನಿಗೆ ಟೀ ನೆತ್ತಿಗೇರಿತು. ಅವನದೊಂದೇ ಕೇಳಿದ ಮೇಲೆ, ಇದು ಬ್ಯಾಂಡಿನ ಹಾಡಲ್ಲಿ ಎಲ್ಲಿದೆ ಅಂತ ಅವನು ಹುಡುಕೇ ಹುಡುಕುತ್ತಾನೆ. ಹುಡುಕಿದರೆ ಎಲ್ಲೂ ಸಿಗಲ್ಲ. ಆಮೇಲೆ ಏನುಳಿಯುತ್ತದೆ? ಒಂದೇ ಮೇಜು, ಒಂದೇ ಮಂಚ, ಅವನ ಮುಖ ಹೇಗೆ ನೋಡೋದು? ತಮ್ಮನನ್ನು ಕೇಳಿದಳು. "ವೈರ್ ಕತ್ತರಿಸಿಬಿಡು ಅಕ್ಕ" ಅಂದ. ಡ್ರಮ್ಮಿನವನಿಂದ ಇನ್ನೇನು ಬುದ್ಧಿ ಬರುತ್ತೆ! ಆದರೂ ಶನಿವಾರ ಅವಳು ಇಕ್ಕಳ ಹಿಡಿದು ವ್ಯಾನಿನ ಹತ್ತಿರ ಹೋದಳು. ಒಳಗೆ ಕಂಪನಿಯ ಎಡಿಟರ್, ರೆಕಾರ್ಡ್ ಆದದ್ದನ್ನು ಕೇಳಿ ಸರಿಮಾಡುವ ಹೆಂಗಸು, ಬಿಸ್ಕೆಟ್ ತಿನ್ನುತ್ತ ಕೂತಿದ್ದಳು, "ಬನ್ನಿ ಮೇಡಂ, ನೀವು ನಮಗೆಲ್ಲ ಗುರು ಇದ್ದ ಹಾಗೆ" ಅಂತ ಎದ್ದು ನಿಂತಳು. ಸೌಂಡಕ್ಕ ಮುಖ ಕೆಂಪಗೆ ಮಾಡಿಕೊಂಡು, ವ್ಯಾನಿನ ಬಾಗಿಲಿನ ಒಂದು ಸ್ಕ್ರೂ ಬಿಗಿ ಮಾಡಿ, ಬಿಸ್ಕೆಟ್ ತಿಂದು ವಾಪಸು ಬಂದಳು.

ಭಾನುವಾರ ಬೆಳಿಗ್ಗೆ ಎಡಿಟರ್ ಫೋನ್ ಮಾಡಿದಳು. "ಮೇಡಂ, ಸ್ಟುಡಿಯೋಗೆ ಬರ್ತೀರಾ? ಒಬ್ಬರೇ ಬನ್ನಿ. ನಿನ್ನೆಯ ಕೀಬೋರ್ಡಿನಲ್ಲಿ ಏನೋ ಇದೆ."

ಸೌಂಡಕ್ಕ ಹೋಗಿ ಕೂತಳು. ಎಡಿಟರ್ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನೋಡಿದರೆ ಅದು ನಗು. "ಈ ಭಾವ ಅನ್ನೋರು ಯಾರು ಮೇಡಂ? ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ನಂಗೆ" ಅಂತ ಗುಂಡಿ ಒತ್ತಿದಳು.

ಗಂಟಲು ಎದೆ ಹಿಂಡುವ ಹಾಗೆ ಹಾಡುವ ವಿರಹದ ಹಾಡು ಅದು. ಅದರ ಕೆಳಗೆ ಭಾವ ನೆಮ್ಮದಿಯಾಗಿ ಲಿಫ್ಟಿನ ಬಾಗಿಲು ತೆರೆಯುವ ಟಿಂಗ್ ಟಾಂಗ್ ಬಾರಿಸುತ್ತಿದ್ದ. ಗಂಟಲು ಸ್ವರವನ್ನು ಎಳೆದೂ ಎಳೆದೂ ಮೇಲಕ್ಕೆ ಒಯ್ದರೆ, ಭಾವ ಮೇಲಿನಿಂದ ಕೆಳಕ್ಕೆ ಜರ್ರನೆ ಜಾರಿಸುತ್ತಿದ್ದ. ಗಿಟಾರಿನವನು ಕಣ್ಣು ಮುಚ್ಚಿ ಒಬ್ಬನೇ ಮುಗಿಯದ ತನಿ ಬಾರಿಸುವಾಗ, ಫೋನು ಎಂಗೇಜ್ ಬಂದಾಗಿನ ಕುಂಯ್ ಕುಂಯ್. ಸೌಂಡಕ್ಕನಿಗೆ ಮೊದಲು ಬಂದದ್ದು ಕೋಪ. ಕಳ್ಳ! ಇವನಿಗೆ ಗೊತ್ತಿದೆ! ಯಾರಿಗೂ ಕೇಳಿಸಲ್ಲ ಅಂತ ಗೊತ್ತಿದ್ದೇ ಆಟ ಆಡ್ತಿದ್ದಾನೆ!

"ಇಲ್ಲಿ ಕೇಳಿ, ಇದು ಕೊನೇ ಹಾಡು" ಅಂದಳು ಎಡಿಟರ್.

ಕೊನೆಯ ಹಾಡಿನಲ್ಲಿ ತಮಾಷೆ ಇರಲಿಲ್ಲ. ನಾಲ್ಕೇ ನಾಲ್ಕು ಸ್ವರ. ಮೂರು ಬೇಗ ಬೇಗ, ನಾಲ್ಕನೆಯದು ತಡವಾಗಿ. ಆಮೇಲೆ ಏನೂ ಇಲ್ಲ. ತುಂಬಾ ಹೊತ್ತು ಬಿಟ್ಟು ಮತ್ತೆ ಅವೇ ನಾಲ್ಕು. ಮತ್ತೆ ಮೌನ. ಹಾಡು ಮುಗಿದ ಮೇಲೆ ಕೀಬೋರ್ಡಿನ ಸ್ವಿಚ್ ಆರಿಸಿದ ಟಕ್ ಅನ್ನುವ ಸದ್ದು.

"ಯಾರಾದ್ರೂ ಉತ್ತರ ಕೊಡ್ತಾರೇನೋ ಅಂತ ಕಾಯೋ ಹಾಗಿಲ್ವಾ ಮೇಡಂ?" ಅಂದಳು ಎಡಿಟರ್. ತಿರುಗಿ ನೋಡಿದರೆ ಸೌಂಡಕ್ಕ ಸ್ವೆಟರಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ಮಧ್ಯಾಹ್ನ ಕೊನೆಯ ಶೋ. ಗಂಟಲು ಬಂದು ಟೇಪು ತಟ್ಟಿದ, ತಮ್ಮ ತಟ್ಟಿದ, ಗಿಟಾರಿನವನು ಕೂದಲು ಸರಿಮಾಡಿಕೊಂಡು ತಟ್ಟಿದ. ಭಾವನೂ ಬಂದ, ಎರಡು ಸಲ ತಟ್ಟಿ, "ಒಳ್ಳೇದಾಗಲಿ ಕಣೇ" ಅಂದ. ಅವಳು ಅವನ ಬೆರಳುಗಳನ್ನೇ ನೋಡಿದಳು.

ದೀಪ ಆರಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಟೇಪು ಬಿದ್ದ ಮೇಲೆ ಮೊದಲ ಸಲ ಹನ್ನೊಂದರ ಗುಂಡಿ ಒತ್ತಿದಳು. ಶೋ ಪೂರ್ತಿ ಅವನೊಬ್ಬನನ್ನೇ ಕೇಳಿದಳು. ಗಿಟಾರಿನವನ ತನಿಯಲ್ಲಿ ಕುಂಯ್ ಕುಂಯ್ ಬಂದಾಗ ಕಿಸಕ್ಕನೆ ನಕ್ಕಳು, ಮುಂದಿನ ಸಾಲಿನವರು ತಿರುಗಿ ನೋಡಿದರು. ಕೊನೆಯ ಹಾಡು ಬಂತು. ಗಂಟಲು ಮುಲಾಮಿನ ದಯೆಯಿಂದ ಮಂಡಿಯೂರಿ ಕೂತು, ಕಣ್ಣಲ್ಲಿ ನೀರು ತಂದುಕೊಂಡು, ಜನರಿಗೆ ವಿದಾಯ ಹಾಡುತ್ತಿದ್ದ. ಹೆಡ್‌ಫೋನಿನಲ್ಲಿ ನಾಲ್ಕು ಸ್ವರ ಬಂದವು.

ಸೌಂಡಕ್ಕ ಉಗುರು ಹಾಕಿ ಟೇಪು ಕಿತ್ತಳು. ಫೇಡರನ್ನು ತಳ್ಳಿದರೆ ಜಗ್ಗಲಿಲ್ಲ. ವರ್ಷಾನುಗಟ್ಟಲೆಯ ಟೇಪಿನ ಅಂಟು ಇಳಿದು ಹಿಡಿದುಕೊಂಡುಬಿಟ್ಟಿತ್ತು. "ಬಾರೋ ಹಾಳಾದವನೇ" ಅಂತ ತುರುಬಿನಿಂದ ಟೆಸ್ಟರ್ ಕಿತ್ತು, ಸಂದಿಗೆ ತೂರಿಸಿ ಮೀಟಿದಳು. ಮತ್ತೆ ಮೀಟಿದಳು. ಫೇಡರ್ ಪಟ್ಟನೆ ಬಿಟ್ಟುಕೊಂಡು ಒಂದೇ ಏಟಿಗೆ ಮೇಲಿನ ತುದಿಗೆ ಹೋಗಿ ಹೊಡೆಯಿತು. ಅದೇ ಕ್ಷಣಕ್ಕೆ ಭಾವ ಎರಡನೇ ಸಲ ಬಾರಿಸಿದ.

ಅಟ್ಟದಿಂದ ಸ್ಟೀಲ್ ಪಾತ್ರೆ ಬಿದ್ದ ಹಾಗೆ ನಾಲ್ಕು ಸ್ವರ ಸಭಾಂಗಣದ ಮೇಲೆ ಬಿದ್ದವು. ಗಂಟಲು ಮಂಡಿಯ ಮೇಲೇ ಹಾರಿಬಿದ್ದ. ಗಿಟಾರಿನವನು ಗಾಬರಿಯಲ್ಲಿ ತಿರುಗಿದ, ಕೂದಲು ಮಾತ್ರ ಜನರ ಕಡೆಗೇ ಉಳಿಯಿತು. ತಮ್ಮನ ಕೈಯ ಕೋಲು ಎಲ್ಲೋ ಹೋಯಿತು. ಭಾವ ಕರೆಂಟು ಹೊಡೆದವನ ಹಾಗೆ ಎರಡೂ ಕೈ ಮೇಲೆತ್ತಿ ಕೂತ. ಆಮೇಲೆ ನಿಧಾನಕ್ಕೆ ಕತ್ತು ಎತ್ತಿ, ಅಷ್ಟೂ ಜನರ ತಲೆಯ ಮೇಲಿಂದ, ಬಾಗಿಲ ಹತ್ತಿರದ ಮಿಕ್ಸರಿನ ಕಡೆ ನೋಡಿದ. ನೋಡುತ್ತಲೇ ಮತ್ತೊಂದು ಸಲ ಅವೇ ನಾಲ್ಕು ಬಾರಿಸಿದ.

ಇನ್ನೂ ಏರಿಸೋಣ ಅಂದರೆ ಹನ್ನೊಂದಕ್ಕೆ ಜಾಗವಿರಲಿಲ್ಲ. ಸೌಂಡಕ್ಕ ಉಳಿದವರನ್ನು ಇಳಿಸಿದಳು. ಮೊದಲು ಗಿಟಾರು, ಆಮೇಲೆ ಡ್ರಮ್ಮು, ಒಡಹುಟ್ಟಿದವನು ಅಂತಲೂ ನೋಡಲಿಲ್ಲ. ಕಡೆಗೆ ಗಂಟಲು. ಅವನು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ, ಸದ್ದೇ ಇಲ್ಲ. ಸಭಾಂಗಣದ ತುಂಬ ಭಾವ ಒಬ್ಬನೇ. ಚೆನ್ನಾಗಿ ಬಾರಿಸಿದನೇ ಅಂದರೆ, ಇಲ್ಲ, ಸುಳ್ಳು ಯಾಕೆ ಹೇಳಲಿ. ಎಡಗೈ ತಡವರಿಸಿತು, ಬಲಗೈ ಯಥಾಪ್ರಕಾರ ಲೇಟು. ಕೆಲವರು ಚಪ್ಪಾಳೆ ಹೊಡೆದರು, ಕೆಲವರು ಟಾಯ್ಲೆಟ್ಟಿಗೆ ಎದ್ದರು. ಒಬ್ಬ ಬಂದು ಎಲ್ಲಿದೆ ಅಂತ ಸೌಂಡಕ್ಕನನ್ನೇ ಕೇಳಿದ. ಅವನು ಕಾಣಿಸಲೇ ಇಲ್ಲ ಅನ್ನುವ ಹಾಗೆ ಅವಳು ಅಳುತ್ತಾ ನಗುತ್ತಾ ಕೂತಿದ್ದಳು.

ಶೋ ಮುಗಿದ ಮೇಲೆ ಗಿಟಾರಿನವನು ಕೂದಲನ್ನು ಕೈಯಲ್ಲಿ ಹಿಡಿದೇ ಕೂಗಾಡಿಕೊಂಡು ಬಂದ. "ಏನಕ್ಕಾ ಇದು! ನಲವತ್ತು ವರ್ಷದ ಮರ್ಯಾದೆ!"

"ಹನ್ನೊಂದು ಮೇಲೆ ಹೋಗಿ ಸಿಕ್ಕಿಹಾಕ್ಕೊಂಡಿದೆ. ಇಳಿಯಲ್ಲ" ಅಂದಳು ಸೌಂಡಕ್ಕ. "ಇಳಿಸೋಕೆ ಬಂದ್ರೆ ಕೈ ಮುರೀತೀನಿ." ಅವನು ಬಾಯಿ ಮುಚ್ಚಿಕೊಂಡು ಹೋದ.

ಹಾಲ್ ಖಾಲಿಯಾಯಿತು. ಭಾವ ಕೇಬಲ್ ಸುತ್ತಿಕೊಳ್ಳುತ್ತ ವೇದಿಕೆಯಿಂದ ನಿಧಾನಕ್ಕೆ ಬಂದು ಮಿಕ್ಸರಿನ ಎದುರು ನಿಂತ.

"ಯಾವಾಗ ಗೊತ್ತಾಯ್ತು ನಿಂಗೆ?" ಅಂದಳು ಸೌಂಡಕ್ಕ.

"ಸಿಮೆಂಟ್ ಕಂಪನಿ ಶೋ ದಿನ. ನನ್ನ ಕಾಲ ಹತ್ತಿರದ ಸ್ಪೀಕರ್ ಸುಟ್ಟುಹೋಗಿತ್ತು. ಬಾರಿಸ್ತಾ ಇದೀನಿ, ಇಡೀ ಹಾಲಲ್ಲಿ ನನ್ನದು ಏನೂ ಇಲ್ಲ. ದಿನಾ ವೈರ್ ಮುಟ್ಟೋನಿಗೆ ಕರೆಂಟ್ ಎಲ್ಲಿ ನಿಂತಿದೆ ಅಂತ ಗೊತ್ತಾಗಲ್ವೇನೇ?"

"ಗೊತ್ತಿದ್ದೂ ಯಾಕೋ ಸುಮ್ಮನಿದ್ದೆ? ಬೈಯ್ಯಬಾರದಿತ್ತಾ? ಬಿಟ್ಟುಹೋಗಬಾರದಿತ್ತಾ?" ಅಂದಳು.

"ಸುಮ್ಮನೆಲ್ಲಿದ್ದೆ? ಪ್ರತಿ ಶೋನಲ್ಲೂ ಕರೆದೆ." ಅವನು ಕೇಬಲ್ಲಿನ ಸುರುಳಿಯನ್ನು ಮಿಕ್ಸರಿನ ಮೇಲಿಟ್ಟು, ಮೇಲೆ ಸಿಕ್ಕಿಹಾಕಿಕೊಂಡಿದ್ದ ಹನ್ನೊಂದನ್ನು ಬೆರಳಿನಿಂದ ಮುಟ್ಟಿ ನೋಡಿದ. "ಸದ್ದು ಏರದಿದ್ರೆ ಕಾಯಿ ಅಂತ ಹೇಳಿಕೊಟ್ಟವಳು ನೀನೇ ತಾನೆ? ಮುದುಕ ಇನ್ನೂ ಅಂಗಡಿಯಲ್ಲೇ ಇದಾನೆ ಅಂದ್ಕೊಂಡೆ."

ಸೌಂಡಕ್ಕ ಹೆಡ್‌ಫೋನ್ ತೆಗೆದಿಟ್ಟಳು. ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದಳು, ಮತ್ತೆ ಒದ್ದೆಯಾಯಿತು, ಮತ್ತೆ ಒರೆಸಿದಳು.

"ಅವನು ಹೋದ ಕಣೋ" ಅಂದಳು. "ಬಾ."